ಕರಾವಳಿಯ ಬಂಕು ಯಾರ ಆಸ್ತಿ?

ಉಡುಪಿ, ಕುಂದಾಪುರ, ಭಟ್ಕಳ, ಹೊನ್ನಾವರದ ಕಡೆ ಕೈಯಲ್ಲಿ ಒಂದಿಷ್ಟು ದುಡ್ಡು ಕೂಡಿಬಂದವರು ವಿಚಾರಿಸುವ ವ್ಯವಹಾರಗಳಲ್ಲಿ ಪೆಟ್ರೋಲ್ ಬಂಕೂ ಒಂದು. ಕೊಲ್ಲಿ ದೇಶಗಳಿಂದ ಮರಳುವವರಿಗೆ, ಮುಂಬಯಿಯ ಹೋಟೆಲು ಕೊಟ್ಟು ಊರಲ್ಲಿ ನೆಲೆಯೂರಲು ಬಯಸುವವರಿಗೆ ಇಲ್ಲಿ ಹಣ ಹೂಡುವ ದಾರಿಗಳು ಹೆಚ್ಚಿಲ್ಲ. ಅಡಿಕೆ ತೋಟ ಮಾಡಿದರೆ ಕೊಳೆರೋಗದ ಭಯ, ಕೆಲಸಕ್ಕೆ ಜನ ಸಿಗದ ಪಾಡು. ಬೋಟಿಗೆ ಹಾಕಿದರೆ ಮೀನು ಒಂದು ವರ್ಷ ಬರುತ್ತದೆ, ಮತ್ತೊಂದು ವರ್ಷ ಬರುವುದಿಲ್ಲ. ಬಂಕಾದರೆ ಸರಕು ಹಳಸುವುದಿಲ್ಲ, ಗಿರಾಕಿ ಚೌಕಾಸಿ ಮಾಡುವುದಿಲ್ಲ, ಹೈವೇಯಲ್ಲಿ ಓಡಾಟ ಕಡಿಮೆಯಾಗುವುದಿಲ್ಲ ಎಂಬ ಧೈರ್ಯ. ಹೀಗಾಗಿ ‘ಅಲ್ಲೊಂದು ಬಂಕ್ ಮಾರಾಟಕ್ಕಿದೆಯಂತೆ’, ‘ಇಲ್ಲೊಂದನ್ನು ಲೀಸಿಗೆ ಕೊಡುತ್ತಾರಂತೆ’ ಎಂಬ ಸುದ್ದಿಗೆ ಕಿವಿಗಳು ಬೇಗ ನಿಮಿರುತ್ತವೆ.

ಹಾಗೆ ಕೊಳ್ಳುವವರು ನಿಜವಾಗಿ ಕೊಳ್ಳುವುದು ಏನನ್ನು? ಕಣ್ಣಿಗೆ ಕಾಣುವುದು ಎತ್ತರದ ಮಾಡು, ನಾಲ್ಕಾರು ಪಂಪು, ನೆಲದಡಿಯ ಟ್ಯಾಂಕು, ಒಂದು ಕಚೇರಿ ಕೋಣೆ. ಇವುಗಳಿಗೆ ಗುಜರಿಯ ಬೆಲೆಗಿಂತ ಹೆಚ್ಚಿನ ಬೆಲೆ ಬರುವುದು ಅಲ್ಲಿ ದಿನಕ್ಕೆ ಇಷ್ಟು ಸಾವಿರ ಲೀಟರ್ ಹೋಗುತ್ತದೆ ಎಂಬ ನಂಬಿಕೆಯಿಂದ. ಆ ಲೀಟರುಗಳನ್ನು ನಿರ್ಧರಿಸುವ ಸಂಗತಿಗಳಲ್ಲಿ ಬಹುಪಾಲು ಆ ಜಾಗದ ಬೇಲಿಯ ಹೊರಗಿವೆ: ರಾಜ್ಯದ ತೆರಿಗೆ, ನೆರೆ ರಾಜ್ಯದ ತೆರಿಗೆ, ಹೆದ್ದಾರಿಯ ಡಿವೈಡರು, ಮೀನುಗಾರಿಕೆಯ ಋತು, ಕಂಪನಿಯ ಮುಂದಿನ ಜಾಹೀರಾತು. ಇವುಗಳಲ್ಲಿ ಒಂದೂ ಕೊಂಡವರ ಕೈಯಲ್ಲಿಲ್ಲ. ನಷ್ಟ ಬಂದರೆ ಮಾತ್ರ ಅದು ಪೂರ್ತಿ ಅವರದು. ಈ ಏರ್ಪಾಡು ನ್ಯಾಯದ್ದಲ್ಲ, ಇದನ್ನು ಬದಲಾಯಿಸಬೇಕು ಎನ್ನುವುದು ನನ್ನ ವಾದ. ಬದಲಾಗುವವರೆಗೆ ಕರಾವಳಿಯ ಸಾಮಾನ್ಯ ಕುಟುಂಬಗಳು ಬಂಕನ್ನು ಆಸ್ತಿಯೆಂದು ಭಾವಿಸಿ ಜೀವಮಾನದ ಉಳಿತಾಯ ಸುರಿಯಬಾರದು.

ಕಾನೂನಿನಿಂದಲೇ ಶುರುಮಾಡೋಣ. ಇಂಡಿಯನ್ ಆಯಿಲ್, ಭಾರತ್ ಪೆಟ್ರೋಲಿಯಂ, ಹಿಂದುಸ್ತಾನ್ ಪೆಟ್ರೋಲಿಯಂ ಈ ಮೂರು ಸರ್ಕಾರಿ ಕಂಪನಿಗಳ ಬಂಕು ನಡೆಸುವವರನ್ನು ಊರಿನವರು ಮಾಲೀಕರೆಂದು ಕರೆದರೂ ಕಾಗದದಲ್ಲಿ ಅವರು ಡೀಲರುಗಳು. ಡೀಲರ್‌ಶಿಪ್ ಎಂಬುದು ಕಂಪನಿ ಮಾಡಿದ ನೇಮಕ. ಅದನ್ನು ದಿನಸಿ ಅಂಗಡಿಯಂತೆ ಮತ್ತೊಬ್ಬರಿಗೆ ಮಾರಲು ಬರುವುದಿಲ್ಲ, ಒಳಬಾಡಿಗೆಗೂ ಕೊಡಲು ಬರುವುದಿಲ್ಲ. ಪಾಲುದಾರರನ್ನು ಸೇರಿಸಿಕೊಳ್ಳುವುದಿರಲಿ, ಡೀಲರು ತೀರಿಕೊಂಡ ಮೇಲೆ ಮಕ್ಕಳ ಹೆಸರಿಗೆ ಮಾಡಿಸುವುದಿರಲಿ, ಕಂಪನಿ ಒಪ್ಪಬೇಕು. ಹೊಸ ಬಂಕು ಬೇಕಾದರೆ ಕಂಪನಿಗಳು ಅರ್ಜಿ ಕರೆಯುವವರೆಗೆ ಕಾಯಬೇಕು. 2018ರ ನವೆಂಬರಿನಲ್ಲಿ ಮೂರೂ ಕಂಪನಿಗಳು ಸೇರಿ ದೇಶದಾದ್ಯಂತ ಐವತ್ತು ಸಾವಿರಕ್ಕೂ ಹೆಚ್ಚು ಜಾಗಗಳಿಗೆ ಜಾಹೀರಾತು ಕೊಟ್ಟವು. 2023ರಲ್ಲಿ ಮತ್ತೊಮ್ಮೆ ಅರ್ಜಿ ಕರೆದವು. ಜಾಗ ಕೈಯಲ್ಲಿರುವವರು, ಜಾಗದ ಮಾಲೀಕರಿಂದ ಒಪ್ಪಿಗೆ ಪತ್ರ ತಂದವರು, ಜಾಗವೇ ಇಲ್ಲದವರು ಎಂದು ಅರ್ಜಿದಾರರನ್ನು ಮೂರು ಗುಂಪು ಮಾಡಿ ಚೀಟಿ ಎತ್ತುತ್ತಾರೆ. ಜಾಗ ಲೀಸಿನದಾದರೆ ಅದರ ಅವಧಿ ಕಡಿಮೆಯೆಂದರೂ 19 ವರ್ಷ 11 ತಿಂಗಳು ಇರಬೇಕು. ಅಲ್ಲಿಂದ ಮುಂದೆ ಜಿಲ್ಲಾಧಿಕಾರಿಯ ನಿರಾಕ್ಷೇಪಣಾ ಪತ್ರ, ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆಯ ಪರವಾನಗಿ, ಹೆದ್ದಾರಿಗೆ ದಾರಿ ತೆರೆಯಲು ಒಪ್ಪಿಗೆ, ಭೂಪರಿವರ್ತನೆ ಎಲ್ಲವೂ ಆಗಬೇಕು. ಸಮುದ್ರದ ಹತ್ತಿರವಿದ್ದರೆ, ಅಥವಾ ಉಬ್ಬರದ ನೀರು ಬರುವ ಹೊಳೆಯ ಬದಿಯಲ್ಲಿದ್ದರೆ, ಕರಾವಳಿ ನಿಯಂತ್ರಣ ವಲಯದ ನಕ್ಷೆಯನ್ನೂ ನೋಡಬೇಕು. ಶಾಲೆ, ಆಸ್ಪತ್ರೆ, ವಸತಿ ಪ್ರದೇಶದಿಂದ ಸಾಮಾನ್ಯವಾಗಿ 50 ಮೀಟರ್ ದೂರವಿರಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರಲ್ಲಿ ಹೇಳಿದೆ. ಮನೆಯ ಪಕ್ಕ ಮನೆ ಎಂಬಂತೆ ಊರಿಗೂರು ಕೂಡಿಕೊಂಡಿರುವ ನಮ್ಮ ಕಡೆ ಆ 50 ಮೀಟರ್ ಹುಡುಕುವುದೇ ದೊಡ್ಡ ಕೆಲಸ.

ಜಾಗದ ಹಕ್ಕಿನ ವಿಚಾರವೂ ಕರಾವಳಿಯಲ್ಲಿ ಬೇರೆ ಕಡೆಗಿಂತ ತೊಡಕು. ಹೆಣ್ಣುಸಂತತಿಯ ಮೂಲಕ ಆಸ್ತಿ ಇಳಿಯುವ ಅಳಿಯಸಂತಾನದ ಕುಟುಂಬದ ಜಾಗವಾದರೆ ಪಾಲಾಗದೆ ಉಳಿದ ಹಕ್ಕುದಾರರು ಮುಂಬಯಿಯಲ್ಲೋ ಮಸ್ಕತ್ತಿನಲ್ಲೋ ಇರುತ್ತಾರೆ. ಮಂಗಳೂರು, ಉಡುಪಿಯ ಪೇಟೆಯೊಳಗೆ ಮೂಲಗೇಣಿಯ, ಅಂದರೆ ಶಾಶ್ವತ ಗೇಣಿಯ, ಜಾಗಗಳು ಇಂದಿಗೂ ಇವೆ. ಪಹಣಿಯಲ್ಲಿ ಒಂದು ಹೆಸರಿದ್ದರೆ ಸಾಲದು. ಇಪ್ಪತ್ತು ವರ್ಷಗಳ ಲೀಸಿಗೆ ಯಾರೆಲ್ಲ ಸಹಿ ಹಾಕಬೇಕು ಎಂಬುದನ್ನು ಊರಿನ ಹಳೆಯ ಕಾಗದಪತ್ರ ಬಲ್ಲ ವಕೀಲರೇ ಹೇಳಬೇಕು.

ಇಷ್ಟೆಲ್ಲ ಕಟ್ಟುಪಾಡಿದ್ದೂ ಬಂಕುಗಳು ‘ಮಾರಾಟ’ವಾಗುವುದು ಹೇಗೆ? ಹೆಸರು ಒಬ್ಬರದು, ದುಡ್ಡು ಮತ್ತೊಬ್ಬರದು. ಡೀಲರ್‌ಶಿಪ್ ಹಳಬರ ಹೆಸರಿನಲ್ಲೇ ಉಳಿಯುತ್ತದೆ. ಹಣ ಹಾಕಿದವರು ಮ್ಯಾನೇಜರೆಂಬ ಹೆಸರಿನಲ್ಲೋ ಹೆಸರೇ ಇಲ್ಲದೆಯೋ ವ್ಯವಹಾರ ನಡೆಸುತ್ತಾರೆ. ತಿಂಗಳಿಗೆ ಇಷ್ಟೆಂದು ಹಳಬರಿಗೆ ಕೊಡುತ್ತಾರೆ. ನಡುವೆ ಇರುವುದು ಒಂದು ಛಾಪಾಕಾಗದ, ಎಷ್ಟೋ ಸಲ ಅದೂ ಇಲ್ಲ. ವಿದೇಶದಲ್ಲಿ ದುಡಿಯುವವರಿಗೆ ಈ ಬಲೆ ಇನ್ನಷ್ಟು ಹತ್ತಿರ. ಅರ್ಜಿ ಹಾಕುವವರು ಭಾರತದ ನಿವಾಸಿಯಾಗಿರಬೇಕು, ಹಿಂದಿನ ಆರ್ಥಿಕ ವರ್ಷದಲ್ಲಿ 182 ದಿನವಾದರೂ ದೇಶದೊಳಗೆ ಇದ್ದಿರಬೇಕು ಎಂಬುದು ಆಯ್ಕೆಯ ನಿಯಮ. ಹಣ ಇರುವುದು ದುಬೈಯಲ್ಲಿ ದುಡಿಯುವವರ ಕೈಯಲ್ಲಿ, ಅರ್ಹತೆ ಇರುವುದು ಊರಲ್ಲಿರುವ ಭಾವನಿಗೋ ಅಳಿಯನಿಗೋ. ಸಂಬಂಧ ಚೆನ್ನಾಗಿರುವವರೆಗೆ ಎಲ್ಲವೂ ಚೆನ್ನ. ಕೆಟ್ಟ ದಿನ ಹಣ ಹಾಕಿದವರು ಯಾವ ಕೋರ್ಟಿನ ಮುಂದೆ ನಿಂತರೂ ಮೊದಲು ತಾವೇ ನಿಯಮ ಮುರಿದದ್ದನ್ನು ಹೇಳಬೇಕಾಗುತ್ತದೆ. ಕಂಪನಿಗೆ ತಿಳಿದರೆ ಡೀಲರ್‌ಶಿಪ್ಪೇ ರದ್ದು.

ಇದರಲ್ಲಿ ನನ್ನನ್ನು ಹೆಚ್ಚು ನೋಯಿಸುವ ಸಂಗತಿ ಇನ್ನೊಂದಿದೆ. ಸರ್ಕಾರಿ ಕಂಪನಿಗಳ ಡೀಲರ್‌ಶಿಪ್‌ಗಳಲ್ಲಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಗಳಿಗೆ ಶೇ 22.5, ಹಿಂದುಳಿದ ವರ್ಗಗಳಿಗೆ ಶೇ 27 ಮೀಸಲಿದೆ. ತಲೆಮಾರುಗಳಿಂದ ಪೇಟೆಯ ವ್ಯಾಪಾರದ ಹೊರಗೆ ಉಳಿದವರು ಹೆದ್ದಾರಿಯ ಬದಿಯಲ್ಲಿ ತಮ್ಮ ಹೆಸರಿನ ವ್ಯವಹಾರ ನಡೆಸಲೆಂದು ಮಾಡಿದ ಏರ್ಪಾಡದು. ಆದರೆ ಟ್ಯಾಂಕರ್ ಲೋಡಿಗೆ ಮುಂಗಡ ಹಣ ಕಟ್ಟಬೇಕಾದ ವ್ಯಾಪಾರದಲ್ಲಿ ಕೈಬಂಡವಾಳ ಇಲ್ಲದವರು ಬೇಗ ಹಣವಂತರ ಕೈಗೆ ಬೀಳುತ್ತಾರೆ. ಬೋರ್ಡಿನ ಮೇಲೆ ಅವರ ಹೆಸರು, ಗಲ್ಲಾಪೆಟ್ಟಿಗೆಯ ಮುಂದೆ ಬೇರೆಯವರು. ಇಂಥ ಬಂಕನ್ನು ‘ಲೀಸಿಗೆ’ ಹಿಡಿಯುವವರು ತಾವು ಒಂದು ಜಾಣತನದ ವ್ಯವಹಾರ ಮಾಡಿದೆವೆಂದು ತಿಳಿಯಬಹುದು. ಅವರು ಮಾಡುತ್ತಿರುವುದು ಇನ್ನೊಬ್ಬರಿಗೆ ಸಂವಿಧಾನದ ಆಶಯದಿಂದ ಬಂದ ಅವಕಾಶವನ್ನು ಅಗ್ಗಕ್ಕೆ ಹಿಡಿಯುವ ಕೆಲಸ. ಇದನ್ನು ತಡೆಯಲು ದಾಳಿ, ತಪಾಸಣೆ ಸಾಲದು. ಆ ಡೀಲರುಗಳಿಗೆ ಬೇಕಾದ ಕೈಬಂಡವಾಳವನ್ನು ಕಂಪನಿಗಳು ಮೊದಲ ಲೋಡಿಗೆ ಮಾತ್ರ ಒದಗಿಸಿ ಕೈಬಿಡಬಾರದು. ಕಾಲಿಗೆ ನೆಲ ಸಿಗುವವರೆಗೆ ಒದಗಿಸುತ್ತ ಬರಬೇಕು.

ಇನ್ನು ಗಳಿಕೆಯ ಲೆಕ್ಕ. ಬಂಕಿನ ಬೆಲೆ ಫಲಕದಲ್ಲಿ ಪೆಟ್ರೋಲಿಗೆ ನೂರರ ಮೇಲಿನ ಅಂಕಿ ಕಂಡರೂ ಅದರಲ್ಲಿ ಡೀಲರಿಗೆ ಉಳಿಯುವುದು ಲೀಟರಿಗೆ ನಾಲ್ಕು ರೂಪಾಯಿ ಚಿಲ್ಲರೆ, ಡೀಸೆಲಿನಲ್ಲಿ ಮೂರು ರೂಪಾಯಿಯ ಆಸುಪಾಸು. ಈ ಕಮಿಷನ್ನು 2017ರ ಆಗಸ್ಟಿನಲ್ಲಿ ಪರಿಷ್ಕರಣೆಯಾದದ್ದು ಮತ್ತೆ ಆದದ್ದು 2024ರ ಅಕ್ಟೋಬರ್ ಕೊನೆಯಲ್ಲಿ. ಆ ಏಳು ವರ್ಷಗಳಲ್ಲಿ ವಿದ್ಯುತ್ತು, ಸಂಬಳ, ಬಡ್ಡಿ ಯಾವುದೂ ನಿಂತಲ್ಲಿ ನಿಂತಿರಲಿಲ್ಲ.

ಕರಾವಳಿಯ ಸಣ್ಣ ಪಟ್ಟಣದಲ್ಲಿ ತಿಂಗಳಿಗೆ 50 ಕಿಲೋಲೀಟರ್ ಪೆಟ್ರೋಲು, 70 ಕಿಲೋಲೀಟರ್ ಡೀಸೆಲು ಹೋಗುವ ಒಂದು ಬಂಕನ್ನು ಊಹಿಸೋಣ. ಕಮಿಷನ್ನು ಸುಮಾರು ನಾಲ್ಕೂಕಾಲು ಲಕ್ಷ. ಎರಡು ಪಾಳಿಗೆ ಹತ್ತು ಜನ ಹುಡುಗ ಹುಡುಗಿಯರು, ಒಬ್ಬ ಮ್ಯಾನೇಜರು ಎಂದರೆ ಎರಡು ಲಕ್ಷ. ಕರೆಂಟು, ಜನರೇಟರು, ದುರಸ್ತಿ, ಆವಿಯಾಗಿ ಹೋಗುವ ಇಂಧನ ಎಲ್ಲ ಸೇರಿ ಎಂಬತ್ತು ಸಾವಿರ. ಉಳಿಯಿತು ಒಂದೂಕಾಲು, ಒಂದೂವರೆ ಲಕ್ಷ. ಜಾಗಕ್ಕೂ ‘ಗುಡ್‌ವಿಲ್’ ಎಂಬ ಹೆಸರಿಗೂ ಸೇರಿ ಎರಡು ಕೋಟಿ ಕೊಟ್ಟಿದ್ದರೆ ಶೇ 9ರ ಬಡ್ಡಿಯೇ ತಿಂಗಳಿಗೆ ಒಂದೂವರೆ ಲಕ್ಷ. ಇದರ ಮೇಲೆ ಟ್ಯಾಂಕಿನಲ್ಲಿ ಸದಾ ಇಪ್ಪತ್ತು ಇಪ್ಪತ್ತೈದು ಲಕ್ಷದ ಸರಕು ನಿಲ್ಲಬೇಕು, ಬಸ್ಸಿನವರಿಗೂ ಜಲ್ಲಿ ಲಾರಿಯವರಿಗೂ ಕೊಟ್ಟ ಸಾಲ ಬೇರೆ. ಲೆಕ್ಕವನ್ನು ಹೇಗೆ ತಿರುಗಿಸಿದರೂ ಜಾಗಕ್ಕೆ ಹಿಂದೆಂದೋ ಹಣ ಕೊಟ್ಟು ಮುಗಿಸಿದವರಿಗೆ ಬಂಕು ಹೊಟ್ಟೆಗೆ ಕೊಡುತ್ತದೆ. ಇಂದಿನ ಬೆಲೆಗೆ ಕೊಳ್ಳುವವರು ಬಡ್ಡಿಗಾಗಿ ದುಡಿಯುತ್ತಾರೆ.

ಈ ಲೆಕ್ಕದಲ್ಲಿ ಡೀಲರು ಕಡಿಮೆ ಮಾಡಬಲ್ಲ ಖರ್ಚು ಒಂದೇ, ಸಂಬಳ. ದರ ಅವರದಲ್ಲ, ಕಮಿಷನ್ ಅವರದಲ್ಲ, ವಿದ್ಯುತ್ ದರ ಅವರದಲ್ಲ. ಹೀಗಾಗಿ ಮೇಲಿನಿಂದ ಬಂದ ಒತ್ತಡವೆಲ್ಲ ಕೊನೆಗೆ ಆಷಾಢದ ಗಾಳಿಮಳೆಯಲ್ಲಿ ನಾಜಲ್ ಹಿಡಿದು ನಿಲ್ಲುವವರ ಮೇಲೆ ಬೀಳುತ್ತದೆ. ಕಮಿಷನ್ನಿನ ಪ್ರಶ್ನೆಯನ್ನು ಕೇವಲ ಡೀಲರುಗಳ ಲಾಭದ ಪ್ರಶ್ನೆಯೆಂದು ನೋಡುವವರು ಇದನ್ನು ಗಮನಿಸಬೇಕು.

ಇಂಧನದ ಬೆಲೆ 2017ರ ಜೂನ್ 16ರಿಂದ ದೇಶದಾದ್ಯಂತ ದಿನದಿನ ಬದಲಾಗುವ ಪದ್ಧತಿಗೆ ಬಂತು. ದಿನಕ್ಕೆ ಕೆಲವು ಪೈಸೆ ಏರಿದರೆ ಟ್ಯಾಂಕಿನಲ್ಲಿದ್ದ ಸರಕಿನ ಮೇಲೆ ಡೀಲರಿಗೆ ಸಣ್ಣ ಲಾಭ, ಇಳಿದರೆ ಸಣ್ಣ ನಷ್ಟ. ಇದು ಸಹಿಸಬಹುದಾದ ಆಟ. ಆದರೆ 2021ರ ದೀಪಾವಳಿಯ ಮುನ್ನಾದಿನ ಕೇಂದ್ರ ಸರ್ಕಾರ ಅಬಕಾರಿ ಸುಂಕವನ್ನು ಪೆಟ್ರೋಲಿಗೆ 5 ರೂಪಾಯಿ, ಡೀಸೆಲಿಗೆ 10 ರೂಪಾಯಿ ಇಳಿಸಿತು. 2022ರ ಮೇ ತಿಂಗಳಲ್ಲಿ ಮತ್ತೆ 8 ಮತ್ತು 6 ರೂಪಾಯಿ. ಗ್ರಾಹಕರಿಗೆ ಬೇಕಾಗಿದ್ದ ಇಳಿಕೆ ಅದು, ತಕರಾರಿಲ್ಲ. ಆದರೆ 2021ರ ಇಳಿಕೆಯ ಹಿಂದಿನ ದಿನ ಹಳೆಯ ಸುಂಕ ಕೊಟ್ಟು 20 ಕಿಲೋಲೀಟರ್ ಡೀಸೆಲು ಇಳಿಸಿಕೊಂಡಿದ್ದವರು ಬೆಳಗಾಗುವುದರೊಳಗೆ 2 ಲಕ್ಷ ರೂಪಾಯಿ ಕಳೆದುಕೊಂಡರು. ಬೆಲೆ ಏರುತ್ತಿದ್ದಾಗ ಲಾಭವೂ ಆಗಿತ್ತಲ್ಲ ಎಂದು ಕೇಳಬಹುದು. ಹತ್ತಾರು ವರ್ಷದಿಂದ ಬಂಕು ನಡೆಸುತ್ತಿದ್ದವರಿಗೆ ಆ ಮಾತು ಒಪ್ಪುತ್ತದೆ. ಆ ದೀಪಾವಳಿಯ ಹೊಸ್ತಿಲಲ್ಲಷ್ಟೇ ವ್ಯವಹಾರ ಹಿಡಿದವರಿಗೆ ಏರಿಕೆಯ ಪಾಲು ಸಿಕ್ಕಿರಲಿಲ್ಲ, ಇಳಿಕೆಯ ಪೆಟ್ಟು ಮಾತ್ರ ಸಿಕ್ಕಿತು. 2022ರ ಮೇ 31ರಂದು ಹಲವು ರಾಜ್ಯಗಳ ಡೀಲರುಗಳು ಒಂದು ದಿನ ಕಂಪನಿಗಳಿಂದ ಇಂಧನ ಕೊಳ್ಳದೆ ಪ್ರತಿಭಟಿಸಿದರು. ತೆರಿಗೆ ಇಳಿಸುವ ರಾತ್ರಿ ಟ್ಯಾಂಕಿನಲ್ಲಿರುವ ಸರಕಿಗೆ, ಅದಾಗಲೇ ಕಟ್ಟಿದ ಸುಂಕದ ವ್ಯತ್ಯಾಸವನ್ನು ಹಿಂದಿರುಗಿಸಲು ಅಡ್ಡಿ ಏನು? ಪ್ರತಿ ಟ್ಯಾಂಕಿನ ಮಟ್ಟವೂ ಈಗ ಕಂಪ್ಯೂಟರಿನಲ್ಲಿ ದಾಖಲಾಗುವ ಕಾಲ. ಮನಸ್ಸಿದ್ದರೆ ಲೆಕ್ಕ ಕಷ್ಟವಲ್ಲ.

ತೆರಿಗೆಯ ಮಾತು ಬಂದಾಗ ಕರಾವಳಿಯ ಭೂಗೋಳವೂ ಬರುತ್ತದೆ. ನಮ್ಮ ಕರಾವಳಿಯ ಎರಡು ತುದಿಗಳಲ್ಲಿ ಬಂಕುಗಳ ಹಣೆಬರಹ ತದ್ವಿರುದ್ಧ. ಉತ್ತರದಲ್ಲಿ ಕಾರವಾರ ದಾಟಿ ಮಾಜಾಳಿಯಿಂದ ಗೋವಾಕ್ಕೆ ಕಾಲಿಟ್ಟರೆ ಪೆಟ್ರೋಲು ಲೀಟರಿಗೆ ಹಲವು ರೂಪಾಯಿ ಅಗ್ಗ. ಕಾರವಾರದ ಕಡೆಯಿಂದ ಗೋವಾಕ್ಕೆ ಹೋಗಿಬರುವ ಕಾರು, ಮೀನಿನ ಲಾರಿಗಳು ಅಲ್ಲೇ ತುಂಬಿಸಿಕೊಂಡು ಬರುತ್ತವೆ. ದಕ್ಷಿಣದಲ್ಲಿ ತಲಪಾಡಿ. ಗಡಿಯಾಚೆ ಕೇರಳದಲ್ಲಿ ತೆರಿಗೆ ನಮಗಿಂತ ಹೆಚ್ಚು. 2023ರ ಏಪ್ರಿಲಿನಿಂದ ಅಲ್ಲಿ ಲೀಟರಿಗೆ 2 ರೂಪಾಯಿಯ ಸಾಮಾಜಿಕ ಭದ್ರತಾ ಸೆಸ್ಸೂ ಸೇರಿದೆ. ಹಾಗಾಗಿ ಮಂಜೇಶ್ವರ, ಕಾಸರಗೋಡಿನ ವಾಹನಗಳು ಈಚೆ ಬಂದು ತುಂಬಿಸಿಕೊಳ್ಳುತ್ತವೆ. ಇದೇ ರಸ್ತೆಯಲ್ಲಿ ಇನ್ನಷ್ಟು ದಕ್ಷಿಣಕ್ಕೆ ಹೋದರೆ ಕೇರಳದ ನಡುವೆ ಪುದುಚೇರಿಗೆ ಸೇರಿದ ಪುಟ್ಟ ಮಾಹೆ. ಒಂಬತ್ತು ಚದರ ಕಿಲೋಮೀಟರಿನ ಆ ಊರಿನಲ್ಲಿ ಪೆಟ್ರೋಲು ಸುತ್ತಲಿನ ಕೇರಳಕ್ಕಿಂತ ಹತ್ತು ರೂಪಾಯಿಗೂ ಹೆಚ್ಚು ಅಗ್ಗ. ರಸ್ತೆಯ ಉದ್ದಕ್ಕೂ ಬಂಕುಗಳು, ಬಂಕುಗಳ ಮುಂದೆ ಸಾಲು. ಅಲ್ಲಿಯ ಡೀಲರುಗಳ ಜಾಣ್ಮೆಗೂ ಆ ಸಾಲಿಗೂ ಸಂಬಂಧವಿಲ್ಲ. ಆ ಗಡಿರೇಖೆಗಳನ್ನು ಎಳೆದದ್ದು ಚರಿತ್ರೆ, ದರವನ್ನು ಹಾಕುವುದು ಸರ್ಕಾರ.

ಸರ್ಕಾರ ಹಾಕಿದ ದರವನ್ನು ಸರ್ಕಾರ ಬದಲಿಸಬಹುದು. 2024ರ ಜೂನಿನಲ್ಲಿ ಕರ್ನಾಟಕ ಪೆಟ್ರೋಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ 29.84ಕ್ಕೂ ಡೀಸೆಲಿನದನ್ನು ಶೇ 14.3ರಿಂದ 18.4ಕ್ಕೂ ಏರಿಸಿತು, 2025ರ ಏಪ್ರಿಲಿನಲ್ಲಿ ಡೀಸೆಲಿನ ತೆರಿಗೆ ಶೇ 21.17 ಆಯಿತು. ಬೆಂಗಳೂರಿನ ಮಧ್ಯದ ಬಂಕಿಗೆ ಇದು ಗ್ರಾಹಕರ ಗೊಣಗಾಟ ಮಾತ್ರ. ಕಾರವಾರದ ಬಂಕಿಗೆ ನೇರ ವ್ಯಾಪಾರ ನಷ್ಟ. ತಲಪಾಡಿಯ ಬಂಕಿನ ಅನುಕೂಲವೂ ಅಷ್ಟರಮಟ್ಟಿಗೆ ಕರಗಿತು. ಗಡಿಯ ಬಂಕಿಗೆ ದೊಡ್ಡ ಮೊತ್ತ ಕೊಡುವವರು ಎರಡು ವಿಧಾನಸಭೆಗಳ ಮುಂದಿನ ಬಜೆಟ್ಟುಗಳ ಮೇಲೆ ಹಣ ಕಟ್ಟುತ್ತಿದ್ದಾರೆ.

ರಾಷ್ಟ್ರೀಯ ಹೆದ್ದಾರಿ 66ರ ಚತುಷ್ಪಥ ಕಾಮಗಾರಿ ಕರಾವಳಿಯ ಬಂಕುಗಳಿಗೆ ಮಾಡಿದ್ದನ್ನು ಕಂಡವರೇ ಬಲ್ಲರು. ಎರಡು ಪಥದ ಹಳೆಯ ರಸ್ತೆಯಲ್ಲಿ ಹೋಗುವವರೂ ಬರುವವರೂ ಬಂಕಿಗೆ ತಿರುಗುತ್ತಿದ್ದರು. ನಡುವೆ ಡಿವೈಡರು ಎದ್ದ ದಿನ ಎದುರು ದಿಕ್ಕಿನ ವ್ಯಾಪಾರವೆಲ್ಲ ಕೈಬಿಟ್ಟಿತು. ಮೇಲ್ಸೇತುವೆ ಬಂದ ಕಡೆ ಬಂಕು ಸರ್ವಿಸ್ ರೋಡಿನ ಕೆಳಗೆ ಉಳಿದುಕೊಂಡಿತು, ದೂರದ ವಾಹನಗಳು ತಲೆಯ ಮೇಲೆ ಹಾದುಹೋದವು. ಕುಂದಾಪುರದಲ್ಲೂ ಮಂಗಳೂರಿನ ಪಂಪ್‌ವೆಲ್‌ನಲ್ಲೂ ಮೇಲ್ಸೇತುವೆಯ ಕೆಲಸ ವರ್ಷಗಟ್ಟಲೆ ಎಳೆಯಿತು. ಆ ವರ್ಷಗಳಲ್ಲಿ ಧೂಳು, ತಿರುವು, ಅಡ್ಡಗಟ್ಟಿದ ದಾರಿಗಳ ನಡುವೆ ರಸ್ತೆಬದಿಯ ಸಕಲ ವ್ಯಾಪಾರವೂ ಸೊರಗಿತು. ಜಾಗ ಕಳೆದುಕೊಂಡವರಿಗೆ ಭೂಸ್ವಾಧೀನದ ಪರಿಹಾರವಿದೆ. ಜಾಗ ಉಳಿದು ಗಿರಾಕಿಯನ್ನು ಕಳೆದುಕೊಂಡವರನ್ನು ಕೇಳುವವರಿಲ್ಲ. ಅದರ ಮೇಲೆ ಪಶ್ಚಿಮ ಘಟ್ಟದ ಬುಡ ಕಡಿದು ಮಾಡಿದ ರಸ್ತೆಯ ಅಪಾಯಗಳು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದವು, ಹೆದ್ದಾರಿ ದಿನಗಟ್ಟಲೆ ಮುಚ್ಚಿತು. ಆಗಸ್ಟಿನಲ್ಲಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಮುರಿದು ಬಿತ್ತು. ಜೀವಹಾನಿಯ ಮುಂದೆ ವ್ಯಾಪಾರದ ಮಾತು ಸಣ್ಣದು, ನಿಜ. ಆದರೂ ಇಪ್ಪತ್ತು ವರ್ಷಗಳ ಕರಾರಿಗೆ ಸಹಿ ಹಾಕುವವರು ಈ ರಸ್ತೆ ಎಷ್ಟು ದುರ್ಬಲ ಎಂಬುದನ್ನು ನೋಡದೆ ಹಾಕಬಾರದು. ಜಾಗ ನೋಡುವಾಗ ಹಿಂದಿನ ಮಾರಾಟದ ಪುಸ್ತಕಕ್ಕಿಂತ ಮುಖ್ಯವಾದದ್ದು ಹೆದ್ದಾರಿ ಪ್ರಾಧಿಕಾರದ ಮುಂದಿನ ನಕ್ಷೆ.

ಮಲ್ಪೆಯಂಥ ಬಂದರಿನ ದಕ್ಕೆಯಲ್ಲಿ ಒತ್ತೊತ್ತಾಗಿ ನಿಂತ ಬೋಟುಗಳನ್ನು ನೋಡಿದವರಿಗೆ ಇಲ್ಲಿ ಡೀಸೆಲಿಗೆ ಬರವಿಲ್ಲ ಅನ್ನಿಸುವುದು ಸಹಜ. ಆದರೆ ಯಾಂತ್ರೀಕೃತ ದೋಣಿಗಳಿಗೆ ಸರ್ಕಾರ ಮಾರಾಟ ತೆರಿಗೆಯಿಲ್ಲದ ಡೀಸೆಲನ್ನು ಮಿತಿ ಹಾಕಿ ಕೊಡುತ್ತದೆ. 2023ರಲ್ಲಿ ಆ ವಾರ್ಷಿಕ ಮಿತಿಯನ್ನು ಒಂದೂವರೆ ಲಕ್ಷ ಕಿಲೋಲೀಟರಿನಿಂದ 2 ಲಕ್ಷಕ್ಕೆ ಏರಿಸಲಾಯಿತು. ಅದು ಹೋಗುವುದು ಹೆಚ್ಚಾಗಿ ಬಂದರಿನಲ್ಲಿರುವ ಮೀನುಗಾರರ ಸಹಕಾರಿ ಬಂಕುಗಳ ಮೂಲಕ. ಇದು ಸರಿಯಾದ ಏರ್ಪಾಡು. ಮೀನುಗಾರರ ಸಂಘಟನೆಗಳು ಹೋರಾಡಿ ಪಡೆದದ್ದು. ಪೇಟೆಯ ಬಂಕಿಗೆ ಸಿಗುವುದು ಮೀನು ಸಾಗಿಸುವ ಲಾರಿ, ಮಂಜುಗಡ್ಡೆ ಕಾರ್ಖಾನೆಯ ಜನರೇಟರು, ದಕ್ಕೆಗೆ ಬಂದುಹೋಗುವವರ ಬೈಕು, ರಿಕ್ಷಾ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ. ಆಗ ಇದೂ ಇಳಿಯುತ್ತದೆ. ಅದೇ ಹೊತ್ತಿಗೆ ಗೋಕರ್ಣ, ಮುರುಡೇಶ್ವರದ ಕಡಲತೀರಕ್ಕೆ ಬರುವವರೂ ಕಡಿಮೆ. ಮಾರುವವರು ತೋರಿಸುವುದು ಡಿಸೆಂಬರಿನ ಲೆಕ್ಕ. ಜುಲೈ ತಿಂಗಳದ್ದನ್ನು ಕೇಳಿ ಪಡೆಯಬೇಕು, ಒಂದಲ್ಲ, ನಾಲ್ಕೈದು ವರ್ಷಗಳದ್ದು.

ಮಳೆಗಾಲ ನೆಲದ ಮೇಲಿನ ವ್ಯಾಪಾರ ತಗ್ಗಿಸಿದರೆ ನೆಲದಡಿಯಲ್ಲಿ ಬೇರೆಯೇ ಕೆಲಸ ಮಾಡುತ್ತದೆ. ವರ್ಷಕ್ಕೆ ಮೂರೂವರೆ, ನಾಲ್ಕು ಸಾವಿರ ಮಿಲಿಮೀಟರ್ ಮಳೆ ಬೀಳುವ ಊರುಗಳಿವು. ಆಟಿಯಲ್ಲಿ ಬಾವಿಯ ನೀರನ್ನು ಬಗ್ಗಿ ಮುಟ್ಟಬಹುದಾದ ಕಡೆ ಬಂಕಿನ ಟ್ಯಾಂಕೂ ನೀರಿನೊಳಗೇ ಇರುತ್ತದೆ. 20 ಕಿಲೋಲೀಟರಿನ ಖಾಲಿ ಟ್ಯಾಂಕು ಪೂರ್ತಿ ನೀರಲ್ಲಿ ಮುಳುಗಿದರೆ ಸುಮಾರು 20 ಟನ್ ಬಲ ಅದನ್ನು ಮೇಲಕ್ಕೆ ಎತ್ತುತ್ತದೆ. ಉಕ್ಕಿನ ತೂಕ ಅದರ ಒಂದು ಸಣ್ಣ ಪಾಲು. ಕಾಂಕ್ರೀಟಿನ ಹಾಸಿಗೆ ಪಟ್ಟಿಗಳಿಂದ ಬಿಗಿಯದ ಟ್ಯಾಂಕು ತೇಲಿ ಎದ್ದು ಪೈಪುಗಳನ್ನು ಮುರಿಯಬಲ್ಲದು. ಉಪ್ಪುಗಾಳಿ ಮಾಡಿನ ಕಬ್ಬಿಣವನ್ನೂ ಪಂಪಿನ ಒಳಗಿನ ಎಲೆಕ್ಟ್ರಾನಿಕ್ಸನ್ನೂ ತಿನ್ನುತ್ತದೆ. ಈಗ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥೆನಾಲ್. ಹಿಂದೆ ಟ್ಯಾಂಕಿಗೆ ಒಂದಿಷ್ಟು ನೀರು ಇಳಿದರೆ ಅದು ತಳದಲ್ಲಿ ಬೇರೆಯಾಗಿ ನಿಲ್ಲುತ್ತಿತ್ತು; ಡಿಪ್ ರಾಡಿಗೆ ಪೇಸ್ಟ್ ಹಚ್ಚಿ ಇಳಿಸಿದರೆ ಎಷ್ಟಿದೆಯೆಂದು ತಿಳಿಯುತ್ತಿತ್ತು, ತೆಗೆಯಬಹುದಿತ್ತು. ಎಥೆನಾಲು ನೀರನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಮಿತಿ ಮೀರಿದಾಗ ನೀರು, ಎಥೆನಾಲು ಎರಡೂ ಕೂಡಿ ಕೆಳಗಿಳಿದು ಇಡೀ ಟ್ಯಾಂಕಿನ ಪೆಟ್ರೋಲು ಕೆಡುತ್ತದೆ. ಎಥೆನಾಲ್ ಬೆರೆಸುವ ಅದೇ ನೀತಿಯನ್ನು ವಿಜಯಪುರದ ಒಣನೆಲದಲ್ಲಿ ಪಾಲಿಸುವುದಕ್ಕೂ ಬೈಂದೂರಿನಲ್ಲಿ ಪಾಲಿಸುವುದಕ್ಕೂ ಖರ್ಚು ಒಂದೇ ಅಲ್ಲ. ಕಮಿಷನ್ನಿನ ಸೂತ್ರದಲ್ಲಿ ಮಳೆನಾಡಿಗೆಂದು ಒಂದು ಪೈಸೆಯೂ ಇಲ್ಲ. ಇದು ಸೇರಬೇಕು.

ಸರ್ಕಾರಿ ಕಂಪನಿಗಳ ತಾಪತ್ರಯವೇ ಬೇಡ, ಖಾಸಗಿಯವರು ಸಲೀಸು ಎನ್ನುವ ಮಾತೂ ಇದೆ. ನಯಾರಾ, ರಿಲಯನ್ಸ್, ಶೆಲ್ ಇವೆ. ಮಂಗಳೂರಿನ ಸಂಸ್ಕರಣಾಗಾರ ಎಂಆರ್‌ಪಿಎಲ್ ಕೂಡ ಹೈಕ್ಯೂ ಹೆಸರಿನಲ್ಲಿ ಬಂಕು ತೆರೆಯುತ್ತಿದೆ. ಖಾಸಗಿ ಕಂಪನಿಗಳ ಕಾಗದಪತ್ರ ಬೇಗ ಮುಗಿಯಬಹುದು. ಆದರೆ 2008ರಲ್ಲಿ ಕಚ್ಚಾತೈಲದ ಬೆಲೆ ಏರಿ ಸರ್ಕಾರಿ ಬಂಕುಗಳು ಸಬ್ಸಿಡಿಯ ಬೆಲೆಗೆ ಮಾರುತ್ತಿದ್ದಾಗ ರಿಲಯನ್ಸ್ ತನ್ನ ಸುಮಾರು 1,400 ಬಂಕುಗಳನ್ನು ಮುಚ್ಚಿತು. ಆ ಹೊಡೆತ ಸ್ವಂತ ಜಾಗ ಹಾಕಿ, ಸಾಲ ಮಾಡಿ ಕಟ್ಟಿದ ಡೀಲರುಗಳನ್ನೂ ಬಿಡಲಿಲ್ಲ. ಪೆಟ್ರೋಲಿನ ಬೆಲೆ 2010ರಲ್ಲಿ, ಡೀಸೆಲಿನದು 2014ರಲ್ಲಿ ಕಾಗದದ ಮೇಲೆ ಮುಕ್ತವಾಗಿದೆ. ಚುನಾವಣೆಯ ಹೊತ್ತಿಗೆ ಬೆಲೆ ಹೇಗೆ ನಿಂತುಬಿಡುತ್ತದೆ ಎಂಬುದನ್ನು ಎಲ್ಲರೂ ನೋಡಿದ್ದೇವೆ. ಮತ್ತೊಮ್ಮೆ 2008 ಬರುವುದಿಲ್ಲವೆಂಬ ಭರವಸೆಯನ್ನು ಯಾವ ಕಂಪನಿಯೂ ಕರಾರಿನಲ್ಲಿ ಬರೆದುಕೊಡುವುದಿಲ್ಲ.

ಬಂಕುಗಳ ಸಂಖ್ಯೆಯ ಕಡೆಗೂ ನೋಡಬೇಕು. ದೇಶದಲ್ಲಿ 2015ರ ಸುಮಾರಿಗೆ ಐವತ್ತು ಸಾವಿರದಷ್ಟಿದ್ದ ಬಂಕುಗಳು ಹತ್ತು ವರ್ಷಗಳಲ್ಲಿ ಒಂದು ಲಕ್ಷವಾಗಿವೆ. ಪೆಟ್ರೋಲಿನ ಬಳಕೆ ಈ ಅವಧಿಯಲ್ಲಿ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಡೀಸೆಲಿನ ಬಳಕೆ ಏರಿದ್ದು ಮೂರನೇ ಒಂದರಷ್ಟು. ಹೆದ್ದಾರಿಯ ಬಂಕು ಬದುಕುವುದು ಡೀಸೆಲಿನಿಂದ. ಅಂದರೆ ಒಂದೊಂದು ಹೆದ್ದಾರಿ ಬಂಕಿನ ಪಾಲಿನ ಡೀಸೆಲು ಕರಗುತ್ತಿದೆ. ಕಂಪನಿಗೆ ಇದರಿಂದ ನಷ್ಟವಿಲ್ಲ. ಅದರ ಇಂಧನ ಯಾವ ಬಂಕಿನಿಂದ ಹೋದರೂ ಅದಕ್ಕೆ ಒಂದೇ. ನಷ್ಟ ಹಳೆಯ ಡೀಲರಿಗೆ. ಇದಕ್ಕಾಗಿಯೇ ಹೊಸ ಬಂಕಿಗೆ ಒಪ್ಪಿಗೆ ಕೊಡುವ ಮೊದಲು ಸುತ್ತಲಿನ ಬಂಕುಗಳ ಮಾರಾಟವನ್ನು ಬಹಿರಂಗಪಡಿಸಿ ಆಕ್ಷೇಪಣೆ ಕೇಳುವ ಕ್ರಮ ಬರಬೇಕು. ಪೈಪೋಟಿ ಬೇಡವೆಂಬ ವಾದ ಇದಲ್ಲ. ದರದಲ್ಲಿ ಪೈಪೋಟಿಗೆ ಅವಕಾಶವೇ ಇಲ್ಲದ ಕಡೆ ಬಂಕುಗಳನ್ನು ಹೆಚ್ಚಿಸುತ್ತ ಹೋದರೆ ಗ್ರಾಹಕರಿಗೆ ಒಂದು ಪೈಸೆಯೂ ಇಳಿಯುವುದಿಲ್ಲ.

ಹಾಗಾದರೆ ಹೆದ್ದಾರಿ ಬದಿಯಲ್ಲಿ ಐವತ್ತು ಸೆಂಟ್ಸ್ ಜಾಗವಿರುವ ಕುಟುಂಬ ಏನು ಮಾಡಬೇಕು? ತಾವೇ ಡೀಲರಾಗಿ ಕೂರುವ ಹುರುಪು, ದಿನಾ ಬೆಳಗ್ಗೆ ಟ್ಯಾಂಕಿನ ಮಟ್ಟ ನೋಡುವ ಶಿಸ್ತು, ಸಾಲ ಕೇಳಿದವರಿಗೆ ಇಲ್ಲವೆನ್ನುವ ಧೈರ್ಯ ಇರುವವರು ಮನೆಯಲ್ಲಿದ್ದರೆ, ಜಾಗದ ಬೆಲೆ ಆಗಲೇ ತೀರಿದ್ದರೆ, ಅರ್ಜಿ ಹಾಕಲಿ. ಅಂಥವರು ಮರ್ಯಾದೆಯಿಂದ ಬದುಕಿದ್ದಾರೆ, ಹತ್ತಾರು ಜನರಿಗೆ ಕೆಲಸ ಕೊಟ್ಟಿದ್ದಾರೆ. ಇಲ್ಲದಿದ್ದರೆ ಜಾಗವನ್ನು ಕಂಪನಿಗೆ ಲೀಸಿಗೆ ಕೊಟ್ಟು ಬಾಡಿಗೆ ಪಡೆಯುವುದು ಮೇಲು. ಹಳೆಯ ಕಾಲದ ಲೀಸುಗಳ ಕಥೆ ಇಲ್ಲಿ ಎಚ್ಚರಿಕೆ: ಎಸ್ಸೊ, ಬರ್ಮಾ ಶೆಲ್, ಕಾಲ್ಟೆಕ್ಸ್ ಕಂಪನಿಗಳನ್ನು 1970ರ ದಶಕದಲ್ಲಿ ಸರ್ಕಾರ ವಹಿಸಿಕೊಂಡಾಗ ಹಳೆಯ ಲೀಸನ್ನು ಅದೇ ಷರತ್ತಿನ ಮೇಲೆ ನವೀಕರಿಸಿಕೊಳ್ಳುವ ಹಕ್ಕೂ ಕಾಯಿದೆಯಿಂದ ಬಂತು. ಪೇಟೆಯ ನಡುವಿನ ಜಾಗಕ್ಕೆ ಹಳೆಯ ಪುಡಿಗಾಸಿನ ಬಾಡಿಗೆ ಪಡೆಯುತ್ತ ಮಾಲೀಕರು ಸುಪ್ರೀಂ ಕೋರ್ಟಿನವರೆಗೆ ಅಲೆದರು. ಇಂದಿನ ಲೀಸಿನಲ್ಲಿ ಬಾಡಿಗೆ ಎಷ್ಟು ವರ್ಷಕ್ಕೊಮ್ಮೆ ಎಷ್ಟು ಏರಬೇಕು, ನವೀಕರಣ ಯಾರ ಇಚ್ಛೆಯ ಮೇಲೆ ಎಂಬ ಎರಡು ಸಾಲುಗಳನ್ನು ಓದದೆ ಯಾರೂ ಸಹಿ ಮಾಡಬಾರದು.

ಇವತ್ತು ಬರೆದ ಲೀಸು 2045ರ ಸುಮಾರಿಗೆ ಮುಗಿಯುತ್ತದೆ. ಕೊಚ್ಚಿ–ಮಂಗಳೂರು ಅನಿಲ ಕೊಳವೆ 2021ರ ಜನವರಿಯಲ್ಲಿ ಉದ್ಘಾಟನೆಯಾದ ಮೇಲೆ ಮಂಗಳೂರಿನ ರಿಕ್ಷಾಗಳು ಸಿಎನ್‌ಜಿಗೆ ತಿರುಗುತ್ತಿವೆ. ಬ್ಯಾಟರಿ ಸ್ಕೂಟರುಗಳು ಹಳ್ಳಿಯ ಮನೆಯಂಗಳಕ್ಕೂ ಬಂದಿವೆ. ಇಪ್ಪತ್ತು ವರ್ಷದ ಬಳಿಕ ಪೆಟ್ರೋಲು ಎಷ್ಟು ಬೇಕಾಗುತ್ತದೋ ಯಾರೂ ಹೇಳಲಾರರು. ಆದರೆ ಆ ದಿನ ನೆಲದಡಿಯಲ್ಲಿ ಹಳೆಯ ಟ್ಯಾಂಕುಗಳು ಇದ್ದೇ ಇರುತ್ತವೆ. ನಮ್ಮದು ಮುರಕಲ್ಲಿನ ನೆಲ. ಅದರ ತೂತುಗಳಲ್ಲಿ ನೀರು ಹರಿಯುವಂತೆ ಸೋರಿದ ಇಂಧನವೂ ಹರಿಯುತ್ತದೆ, ಮತ್ತು ಇಲ್ಲಿ ಪ್ರತಿ ಮನೆಗೂ ಒಂದು ಬಾವಿ. ಆದ್ದರಿಂದ ಲೀಸಿನ ಕರಾರಿನಲ್ಲಿ ಇಷ್ಟಾದರೂ ಇರಬೇಕು: ಟ್ಯಾಂಕು ಇಳಿಸುವ ಮೊದಲು ಸುತ್ತಲಿನ ಬಾವಿಗಳ ನೀರನ್ನು ಕಂಪನಿಯ ಖರ್ಚಿನಲ್ಲಿ ಪರೀಕ್ಷಿಸಿ ದಾಖಲೆ ಇಡಬೇಕು, ಪ್ರತಿವರ್ಷ ಮಳೆಗಾಲದ ಬಳಿಕ ಮತ್ತೆ ಪರೀಕ್ಷಿಸಬೇಕು, ಬಿಟ್ಟುಹೋಗುವಾಗ ಟ್ಯಾಂಕು ಕಿತ್ತು ಮಣ್ಣನ್ನು ಶುದ್ಧ ಮಾಡಿಕೊಡಬೇಕು. ಇದನ್ನು ಬರೆದುಕೊಡಲು ಒಪ್ಪದ ಕಂಪನಿಗೆ, ಅದು ಎಷ್ಟೇ ಬಾಡಿಗೆ ಕೊಡಲಿ, ಜಾಗ ಕೊಡಬಾರದು.